ನಾಲೆ ಸೀಮೆಯ ಆರೋಗ್ಯ: ಅಂದು ಮತ್ತು ಇಂದು



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ಸ್ಮರಣ ಸಂಚಿಕೆಗೆ ನಿರ್ದೇಶಕರು ಒಂದೊಂದು ಲೇಖನ ಕೊಡಬೇಕೆಂದು ತೀರ್ಮಾನವಾದಾಗ ನಾನು ಯೋಚನೆ ಮಾಡಿದೆ. ಹಾಲಿನ ಲೀಟರು, ಕೊಬ್ಬಿನಂಶ, ಬೋನಸ್ಸು ಇವುಗಳ ಬಗ್ಗೆ ಬೇರೆಯವರು ಹೇಗೂ ಬರೆಯುತ್ತಾರೆ. ಹಸುವಿಗೆ ಕಾಯಿಲೆ ಬಂದರೆ ಪಶುವೈದ್ಯರಿಗೆ ಫೋನು ಮಾಡುವ ನಾವು, ಹಾಲು ಕರೆಯುವ ಹೆಂಗಸಿಗೆ ಕಾಯಿಲೆ ಬಂದರೆ ‘ನಾಳೆ ನೋಡೋಣ’ ಅಂತೀವಿ. ಆದ್ದರಿಂದ ನಮ್ಮ ಸೀಮೆಯ ಜನರ ಆರೋಗ್ಯದ ಚರಿತ್ರೆಯನ್ನೇ ಬರೆಯೋಣ ಅನ್ನಿಸಿತು. ನಾನು ಡಾಕ್ಟರೂ ಅಲ್ಲ, ಪಂಡಿತನೂ ಅಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಬೇಸಾಯಕ್ಕೆ ಇಳಿದವನು. ಓದಿದ್ದು, ಹಿರಿಯರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಇಷ್ಟನ್ನೇ ಸೇರಿಸಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಊರು ಬಿಡುತ್ತಿದ್ದ ಕಾಲ

ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಎರಡು ಕಾಯಿಲೆಗಳ ಹೆಸರು ಹೆದರಿಕೆಯಿಂದಲೇ ಬರುತ್ತಿತ್ತು. ಒಂದು ಪ್ಲೇಗು, ಇನ್ನೊಂದು ಸಿಡುಬು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಅಲ್ಲಿಂದ ಮೈಸೂರು ಸಂಸ್ಥಾನದ ಊರೂರಿಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಊರಿಗೆ ಊರೇ ಖಾಲಿ. ಜನ ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಡಾಕ್ಟರು ಎಲ್ಲೋ ಪಟ್ಟಣದಲ್ಲಿ, ದೇವರು ಮಾತ್ರ ಊರಲ್ಲಿ. ಹಾಗಾಗಿ ಮಾರಮ್ಮನಿಗೆ ಹರಕೆ ಕಟ್ಟುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಪ್ಲೇಗಮ್ಮನ ಹೆಸರಿನ ಗುಡಿಗಳು ಈಗಲೂ ಕೆಲವು ಕಡೆ ಇವೆ.

ಸಿಡುಬಿನ ಕಥೆ ಬೇರೆ. ಅದಕ್ಕೆ ಲಸಿಕೆ ಬಹಳ ಹಿಂದೆಯೇ ಬಂದಿತ್ತು. ಮೈಸೂರು ಅರಮನೆಯ ರಾಣಿಯರ ಒಂದು ವರ್ಣಚಿತ್ರವಿದೆ, 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದದ್ದು. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ತೋಳಿನ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸುತ್ತಿದ್ದಾರೆ ಎಂದು ಇತಿಹಾಸಕಾರರು ಹೇಳುತ್ತಾರೆ. ಜನರ ಹೆದರಿಕೆ ಹೋಗಲಿ ಎಂದು ಬರೆಸಿದ್ದಂತೆ. ಆದರೆ ಅರಮನೆಗೆ ಬಂದ ಲಸಿಕೆ ನಮ್ಮ ಹಟ್ಟಿ ಕೇರಿಗಳ ಕಟ್ಟಕಡೆಯ ಮನೆಗೆ ತಲುಪಲು ಎಷ್ಟು ಕಾಲ ಹಿಡಿಯಿತು ನೋಡಿ. ಭಾರತದ ನೆಲದ ಕೊನೆಯ ಸಿಡುಬು ಕಂಡದ್ದು 1975ರ ಮೇ ತಿಂಗಳಲ್ಲಿ. ಅಂದರೆ ಸುಮಾರು 170 ವರ್ಷ! ಕೊನೆಯ ಹತ್ತಾರು ವರ್ಷ ‘ದಾಕು ಹಾಕುವವರು’ ಮನೆ ಮನೆ ಹುಡುಕಿಕೊಂಡು, ಓಡಿಹೋದ ಮಕ್ಕಳನ್ನು ಹಿಡಿದು ತಂದು ಹಾಕಿದ ಮೇಲೇ ಆ ಅಮ್ಮ ಊರು ಬಿಟ್ಟದ್ದು. ಮದ್ದು ಇರುವುದು ಬೇರೆ, ಮದ್ದು ಬಾಗಿಲಿಗೆ ಬರುವುದು ಬೇರೆ. ನಾನು ಹೇಳಹೊರಟಿರುವ ಮಾತು ಇದೇ.

ನೀರು ಬಂತು, ಜ್ವರವೂ ಬಂತು

ನಮ್ಮ ಸೀಮೆ ಮೊದಲು ರಾಗಿ, ಹುರುಳಿಯ ಒಣ ಸೀಮೆ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ, 1930ರ ದಶಕದ ಆರಂಭದಲ್ಲಿ ನಾಲೆಯಲ್ಲಿ ನೀರು ಹರಿಯಿತು. ಆಗ ಅದಕ್ಕೆ ಇರ್ವಿನ್ ನಾಲೆ ಅಂತ ಹೆಸರು, ಈಗ ವಿಶ್ವೇಶ್ವರಯ್ಯ ನಾಲೆ. ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಸರ್ ಎಂ.ವಿ. ಅವರ ಫೋಟೋ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಅದು ಸರಿಯೇ. ಆದರೆ ನಾಲೆಯ ಜೊತೆಗೆ ಬಂದ ಇನ್ನೊಂದನ್ನು ನಾವು ಮರೆತಿದ್ದೇವೆ. ಅದೇ ಚಳಿಜ್ವರ. ನಿಂತ ನೀರು, ಸೋರುವ ಕಾಲುವೆ, ಗದ್ದೆ ಬದುವಿನ ಗುಂಡಿ ಇವೆಲ್ಲ ಮಲೇರಿಯಾ ಸೊಳ್ಳೆಗೆ ತವರುಮನೆಯಾದವು. ಗದ್ದೆ ನಾಟಿ ಮಾಡಬೇಕಾದ ಆಳು ಮಧ್ಯಾಹ್ನಕ್ಕೆ ಕಂಬಳಿ ಹೊದ್ದು ಗಡಗಡ ನಡುಗುತ್ತಾ ಮಲಗುತ್ತಿದ್ದ. ಮಕ್ಕಳಿಗೆ ಗುಲ್ಮ ಬೆಳೆದು ಹೊಟ್ಟೆ ಮುಂದಕ್ಕೆ ಬರುತ್ತಿತ್ತು. ‘ನಾಲೆ ನೀರು ಕುಡಿದರೆ ಜ್ವರ’ ಅಂತ ನಮ್ಮಜ್ಜಿ ಹೇಳ್ತಿದ್ರು. ತಪ್ಪು ನೀರು ಕುಡಿದದ್ದಲ್ಲ, ನೀರಲ್ಲಿ ಹುಟ್ಟಿದ ಸೊಳ್ಳೆಯದು ಅನ್ನೋದು ಆಗಿನ ಜನಕ್ಕೆ ಗೊತ್ತಿರಲಿಲ್ಲ.

ಆದರೆ ಸಂಸ್ಥಾನದ ಸರ್ಕಾರಕ್ಕೆ ಗೊತ್ತಿತ್ತು. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ಪಡೆದು ಮೈಸೂರು ಹತ್ತಿರದ ನಾಗನಹಳ್ಳಿ, ಹಿರಿಯೂರು, ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆಯಿತು. ನಿಂತ ನೀರಿನ ಮೇಲೆ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿ ಎರಚಿ ಸೊಳ್ಳೆಮರಿ ಕೊಲ್ಲುವ ಪ್ರಯೋಗ ನಡೆಯಿತು. ಹಾಗೆಯೇ 1929ರಲ್ಲಿ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕ ಸ್ಥಾಪನೆಯಾಯಿತು. ಸಂಸ್ಥಾನದಲ್ಲಿ ಇಂತಹದು ಅದೇ ಮೊದಲನೆಯದು. ಆಗ ಮಂಡ್ಯ ಜಿಲ್ಲೆಯೂ ಆಗಿರಲಿಲ್ಲ, ಜಿಲ್ಲೆಯಾದದ್ದು 1939ರಲ್ಲಿ. ರೋಗಿ ಬರಲಿ ಎಂದು ಆಸ್ಪತ್ರೆಯಲ್ಲಿ ಕಾಯದೆ, ಕಾಯಿಲೆ ಬರದಂತೆ ಹಳ್ಳಿಗೇ ಹೋಗಿ ಕೆಲಸ ಮಾಡಬೇಕು ಎಂಬ ಆಲೋಚನೆ ಅದರದು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಹದಿನೆಂಟು ವರ್ಷ ಮುಂಚೆ ಇಂತಹ ಕೆಲಸ ನಮ್ಮ ಮಂಡ್ಯದಲ್ಲಿ ನಡೆಯಿತು ಎಂಬುದನ್ನು ನಮ್ಮ ಶಾಲೆ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಗೋಡೆಯ ಮೇಲಿನ ತಾರೀಖು

1946ರಲ್ಲಿ ಬಂದ ಭೋರ್ ಸಮಿತಿಯ ವರದಿ ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದು ಹೇಳಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದ ಮೇಲೆ ಆ ಕೇಂದ್ರಗಳು ಒಂದೊಂದಾಗಿ ಆರಂಭವಾದವು. ಈಗಿನ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಇರಬೇಕು.

ಸ್ವಾತಂತ್ರ್ಯ ಬಂದ ಕಾಲಕ್ಕೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1958ರಿಂದ ಅದು ಮಲೇರಿಯಾ ನಿರ್ಮೂಲನ ಕಾರ್ಯಕ್ರಮವಾಯಿತು. ಖಾಕಿ ಬಟ್ಟೆಯವರು ಪಂಪು ಹೊತ್ತು ಬಂದು ಮನೆಯೊಳಗೆ, ಕೊಟ್ಟಿಗೆಯೊಳಗೆ ಹೊಡೆದು ಹೋಗುತ್ತಿದ್ದರು. ಮಲೇರಿಯಾ ಕಾರ್ಯಕರ್ತರು ಹದಿನೈದು ದಿನಕ್ಕೊಮ್ಮೆ ಬಂದು ‘ಯಾರಿಗಾದ್ರೂ ಜ್ವರ ಉಂಟಾ?’ ಅಂತ ಕೇಳಿ, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದು, ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಹಳೇ ಹೆಂಚಿನ ಮನೆ ಬಾಗಿಲ ಪಕ್ಕ ಆ ಬರಹ ನೋಡಿದ ನೆನಪು ಹಿರಿಯ ಸದಸ್ಯರಿಗೆ ಇರಬೇಕು. 1965ರ ಹೊತ್ತಿಗೆ ಇಡೀ ದೇಶದಲ್ಲಿ ಮಲೇರಿಯಾ ಕೇವಲ 1 ಲಕ್ಷಕ್ಕೆ ಇಳಿಯಿತು.

ಆಮೇಲೆ ಏನಾಯಿತು? ಕಾಯಿಲೆ ಹೋಯಿತು ಅಂತ ಎಲ್ಲರೂ ಸಡಿಲ ಬಿಟ್ಟರು. ಮನೆ ಭೇಟಿ ಸೊರಗಿತು, ಔಷಧಿ ಹೊತ್ತಿಗೆ ಬರಲಿಲ್ಲ, ಸೊಳ್ಳೆಯೂ ಡಿ.ಡಿ.ಟಿ.ಗೆ ಒಗ್ಗಿಕೊಂಡಿತು. 1976ರಲ್ಲಿ ಮತ್ತೆ 64 ಲಕ್ಷಕ್ಕೂ ಹೆಚ್ಚು ಜನ ಮಲಗಿದರು. ಕಳೆ ಕಿತ್ತ ಗದ್ದೆ ಅಂತ ಒಂದು ತಿಂಗಳು ಕಡೆಗಣ್ಣು ಹಾಕದೆ ಬಿಟ್ಟರೆ ಏನಾಗುತ್ತೆ ಅನ್ನೋದು ರೈತರಿಗೆ ಬೇರೆ ಹೇಳಬೇಕಾಗಿಲ್ಲ.

ಕೆಮ್ಮಿಗೆ ಸಿಕ್ಕ ಬಾಟಲಿ

ಕ್ಷಯರೋಗದ ವಿಚಾರದಲ್ಲಿ ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳು ಇಡೀ ಪ್ರಪಂಚಕ್ಕೆ ಪಾಠ ಹೇಳಿವೆ. ಮೊದಲು ಕ್ಷಯ ಅಂದರೆ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ. 1921ರಲ್ಲಿ ಆರಂಭವಾದ ಆ ಆಸ್ಪತ್ರೆಗೆ ಎಷ್ಟು ಜನ ಬಡವರು ಹೋಗಿ ತಿಂಗಳುಗಟ್ಟಲೆ ಇರಲು ಸಾಧ್ಯ? 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ತಜ್ಞರಾದ ಡಾ. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮನೆಗೇ ಹೋಗಿ ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿ ಜನ ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂದು ಅಲ್ಲಿಯವರೆಗೆ ಎಲ್ಲರ ನಂಬಿಕೆ. ನೋಡಿದರೆ ಬೇರೆಯೇ! ಬಹುಪಾಲು ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿ ಇಲ್ಲ ಅನ್ನೋದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಬಾಗಿಲು ತಟ್ಟಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಕಫ ಪರೀಕ್ಷೆ ಮಾಡುವವರು ಇರಲಿಲ್ಲ. ಈ ಅಧ್ಯಯನಗಳ ಆಧಾರದ ಮೇಲೆಯೇ 1962ರಿಂದ ಜಿಲ್ಲಾ ಮಟ್ಟದ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು, ಹತ್ತಿರದ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಮನೆಯಲ್ಲೇ ಇದ್ದು ಮಾತ್ರೆ ನುಂಗುವ ಕ್ರಮ ಬಂತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ ಎಂದು ಯಾರಾದರೂ ಭಾಷಣ ಮಾಡಿದರೆ ಈ ತುಮಕೂರಿನ ಕಥೆಯನ್ನು ಅವರಿಗೆ ಹೇಳಿ.

ಹೆರಿಗೆ ಕೋಣೆಯಿಂದ ಹೆರಿಗೆ ವಾರ್ಡಿಗೆ

ಒಂದು ಕಾಲದಲ್ಲಿ ಹೆರಿಗೆ ಅಂದರೆ ಹೆಂಗಸಿಗೆ ಮರುಹುಟ್ಟು. ನಡುಮನೆಯ ಕತ್ತಲೆ ಮೂಲೆ, ಹಳೇ ಸೀರೆ, ಸೂಲಗಿತ್ತಿಯ ಕೈ. ಸೂಲಗಿತ್ತಿಯರನ್ನು ಹಗುರವಾಗಿ ಕಾಣಬಾರದು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರು ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಆದರೆ ರಕ್ತಸ್ರಾವ ನಿಲ್ಲದಿದ್ದಾಗ, ಮಗು ಅಡ್ಡ ತಿರುಗಿದಾಗ ಎಂತಹ ಸೂಲಗಿತ್ತಿಗೂ ಕೈ ಸೋಲುತ್ತಿತ್ತು. ಆಗ ಎತ್ತಿನ ಗಾಡಿ ಕಟ್ಟಬೇಕು, ರಾತ್ರಿ ಹೊತ್ತು, ಹೊಳೆ ತುಂಬಿದ್ದರೆ ಅದೂ ಇಲ್ಲ.

1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ಹೆರಿಗೆಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದದ್ದು ಸುಮಾರು 38 ಮಾತ್ರ. 2019-20ರ ಸಮೀಕ್ಷೆಗೆ ಅದು 97ಕ್ಕೆ ಏರಿತು. 2001-03ರಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದ ನಮ್ಮ ರಾಜ್ಯದಲ್ಲಿ 2018-20ರ ಲೆಕ್ಕಕ್ಕೆ ಅದು 69ಕ್ಕೆ ಇಳಿದಿದೆ. ಇದು ತಾನಾಗಿ ಆದದ್ದಲ್ಲ. ಸೈಕಲ್ಲಿನಲ್ಲಿ, ಕಾಲುನಡಿಗೆಯಲ್ಲಿ ಬಂದ ನರ್ಸಮ್ಮನವರು, 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ನೇಮಕವಾದ ಆಶಾ ಕಾರ್ಯಕರ್ತೆಯರು, 2008ರ ನವೆಂಬರಿನಿಂದ ಓಡಿದ 108 ಆಂಬುಲೆನ್ಸು, ಇವರೆಲ್ಲರ ದುಡಿಮೆ ಇದರಲ್ಲಿದೆ. 2020ರಲ್ಲಿ ಕೊರೊನಾ ಬಂದಾಗ ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದೆವು. ಬಾಗಿಲು ತಟ್ಟಿದವರು ಆಶಾ ತಾಯಂದಿರೇ. ಅವರು ನಮ್ಮೂರ ಸೊಸೆಯರು, ನಮ್ಮ ಡೈರಿಗೇ ಹಾಲು ಹಾಕುವವರು ಎಂಬುದನ್ನು ಮರೆಯಬಾರದು.

ಐದು ರೂಪಾಯಿಯ ಬಲ

ಬಾಗಿಲಿಗೆ ಬಂದ ನರ್ಸಮ್ಮ ಜ್ವರಕ್ಕೆ ಮಾತ್ರೆ ಕೊಟ್ಟಾರು, ಆದರೆ ಹೃದಯದ ಆಪರೇಷನ್ ಮಾಡಿಸಲಾರರು. ದೊಡ್ಡ ಕಾಯಿಲೆ ಬಂದರೆ ರೈತನಿಗೆ ಗೊತ್ತಿದ್ದದ್ದು ಮೂರೇ ದಾರಿ: ಹಸು ಮಾರುವುದು, ಒಡವೆ ಅಡ ಇಡುವುದು, ಕೊನೆಗೆ ಗದ್ದೆ ಬರೆದುಕೊಡುವುದು. ನಮ್ಮ ಊರಲ್ಲೇ ಒಬ್ಬರ ಹೊಟ್ಟೆ ಆಪರೇಷನ್ನಿಗೆ ಅರ್ಧ ಎಕರೆ ಗದ್ದೆ ಕೈಬಿಟ್ಟದ್ದು ಎಲ್ಲರಿಗೂ ಗೊತ್ತು.

ಇಲ್ಲಿಯೇ ಸಹಕಾರ ಸಂಘದ ಮಾತು ಬರುವುದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾಲದ ಶೂಲದಿಂದ ರೈತನನ್ನು ಬಿಡಿಸುವುದಕ್ಕೆ. ಆಸ್ಪತ್ರೆ ಸಾಲವೂ ಸಾಲವೇ ತಾನೆ? ಸುಮಾರು ನೂರು ವರ್ಷದ ನಂತರ, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರ ಸಲಹೆಯ ಮೇರೆಗೆ ಯಶಸ್ವಿನಿ ಯೋಜನೆ ಬಂತು. 2003ರ ಜೂನ್ 1ರಿಂದ ಅದು ಜಾರಿಗೆ ಬಂದಾಗ ಒಬ್ಬ ಸದಸ್ಯ ಕಟ್ಟಬೇಕಾದದ್ದು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ. ಒಂದು ಬೀಡಿ ಕಟ್ಟಿನ ದುಡ್ಡು! ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು, ಸುಮಾರು 9,000 ಆಪರೇಷನ್ ಆದವು. ಹಾವು ಕಡಿತ, ಎತ್ತು ತಿವಿತ, ಬೇಸಾಯದ ಉಪಕರಣದಿಂದ ಆದ ಗಾಯ, ಇಂತಹ ರೈತರ ಕಷ್ಟಗಳೂ ಅದರಲ್ಲಿ ಸೇರಿದ್ದವು. ಯೋಜನೆ ಮಾಡಿದವರಿಗೆ ಹೊಲದ ಪರಿಚಯ ಇತ್ತು ಅಂತ ಕಾಣುತ್ತೆ.

ಅದು ಅಷ್ಟು ಬೇಗ ಹರಡಿದ್ದು ಹೇಗೆ? ಹಳ್ಳಿಯಲ್ಲಿ ವಿಮಾ ಏಜೆಂಟರು ಇರಲಿಲ್ಲ, ಆದರೆ ಸಹಕಾರ ಸಂಘ ಇತ್ತು. ಕಾರ್ಯದರ್ಶಿಗೆ ಪ್ರತಿ ಸದಸ್ಯನ ಹೆಸರು, ತಂದೆ ಹೆಸರು, ಮನೆಯಲ್ಲಿ ಎಷ್ಟು ಜನ ಎಲ್ಲ ಗೊತ್ತು. ದಿನಕ್ಕೆ ಎರಡು ಸಲ ಇಡೀ ಊರು ಕ್ಯಾನು ಹಿಡಿದು ಬರುವ ಜಾಗ ಡೈರಿ ಬಿಟ್ಟರೆ ಬೇರೊಂದಿಲ್ಲ. ಒಬ್ಬನಿಗೆ ಬರುವ ಕಷ್ಟವನ್ನು ನೂರು ಜನ ಹಂಚಿಕೊಂಡರೆ ತಲಾ ಐದು ರೂಪಾಯಿ. ಸಹಕಾರ ಅಂದರೆ ಇದೇ ಅಲ್ಲವೇ?

2018ರಲ್ಲಿ ಸರ್ಕಾರ ಆರೋಗ್ಯ ಕರ್ನಾಟಕ ಎಂಬ ಯೋಜನೆ ತಂದು ಯಶಸ್ವಿನಿಯನ್ನು ಅದರಲ್ಲಿ ವಿಲೀನ ಮಾಡಿತು. ಎಲ್ಲರಿಗೂ ಒಂದೇ ಯೋಜನೆ ಎಂಬ ಉದ್ದೇಶ ಒಳ್ಳೆಯದೇ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ತರಬೇಕು, ಎ.ಪಿ.ಎಲ್. ಕಾರ್ಡಿನವರಿಗೆ ಖರ್ಚಿನ ಒಂದು ಭಾಗ ಮಾತ್ರ ಸಿಗುವುದು, ಇವೆಲ್ಲ ರೈತರಿಗೆ ತೊಡಕಾಯಿತು. ಸಹಕಾರಿಗಳು ಬಹಳ ಒತ್ತಾಯ ಮಾಡಿದ ಮೇಲೆ 2022-23ರ ಬಜೆಟ್ಟಿನಲ್ಲಿ ಯಶಸ್ವಿನಿ ಮತ್ತೆ ಘೋಷಣೆಯಾಗಿ, 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಆಗ ನಿಗದಿ ಮಾಡಿದ ಹಾಗೆ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ ಕುಟುಂಬಕ್ಕೆ 5 ಲಕ್ಷ ರೂಪಾಯಿ.

ಇಷ್ಟಾದರೂ ನೋಂದಣಿ ಸಮಯದಲ್ಲಿ ನಮ್ಮ ಸದಸ್ಯರಲ್ಲಿ ಅನೇಕರು ‘ಹೋದ ವರ್ಷ ಕಟ್ಟಿದ್ದು ದಂಡ ಆಯ್ತು, ಯಾರಿಗೂ ಏನೂ ಆಗ್ಲಿಲ್ಲ’ ಅಂತಾರೆ. ಏನೂ ಆಗದಿದ್ದರೆ ಅದೇ ಲಾಭ ಕಣ್ರಪ್ಪ! ನಿಮ್ಮ 500 ರೂಪಾಯಿ ದಂಡವಾಗಿಲ್ಲ, ಇನ್ನೊಬ್ಬ ರೈತನ ಗದ್ದೆ ಉಳಿಸಿದೆ. ಎಲ್ಲರೂ ಕಟ್ಟಿದರೆ ಯೋಜನೆ ಉಳಿಯುತ್ತದೆ. ಕಾಯಿಲೆ ಇದ್ದವರು ಮಾತ್ರ ಕಟ್ಟಿದರೆ ಯಾವ ಸರ್ಕಾರ ಬಂದರೂ ಅದನ್ನು ನಡೆಸಲಾಗುವುದಿಲ್ಲ.

ತಲೆ ತಗ್ಗಿಸಬೇಕಾದ ಮಾತು

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಇದು ಬೇಡ ಎಂದು ಕೆಲವರು ಹೇಳಬಹುದು. ಆದರೂ ಬರೆಯುತ್ತೇನೆ. ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದು, ಕೇಳುವುದು 1994ರ ಕಾಯಿದೆ ಪ್ರಕಾರ ಅಪರಾಧ. ಹೀಗಿದ್ದೂ 2023ರ ಕೊನೆಯಲ್ಲಿ ನಮ್ಮದೇ ಮಂಡ್ಯ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಬಯಲಿಗೆ ಬಂತು, ತನಿಖೆ ಸಿ.ಐ.ಡಿ.ಗೆ ಹೋಯಿತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಮಗುವಿನ ಸಾವು ಬರೆಯುತ್ತಿದ್ದರು. ಡಾಕ್ಟರು, ಯಂತ್ರ ಹತ್ತಿರ ಬಂದರೆ ಸಾಲದು, ಯಾತಕ್ಕೆ ಬಂತು ಎಂದು ಊರು ಕೇಳಬೇಕು. ನಮ್ಮ ಡೈರಿಯಲ್ಲಿ ಹಾಲು ಹಾಕುವವರಲ್ಲಿ ಹೆಂಗಸರೇ ಹೆಚ್ಚು. ಸಂಘ ನಡೆಯುತ್ತಿರುವುದು ಅವರ ರಟ್ಟೆಯ ಬಲದಿಂದ. ಅಂತಹ ಊರಲ್ಲಿ ಹೆಣ್ಣು ಬೇಡ ಅನ್ನುವವರಿಗೆ ನಾಚಿಕೆಯಾಗಬೇಕು. ತಿಳಿದೂ ಸುಮ್ಮನಿರುವವರಿಗೂ ಆಗಬೇಕು.

ಈಗ ಮಾಡಬೇಕಾದ್ದು

ಈಗ ಪ್ಲೇಗಿಲ್ಲ, ಸಿಡುಬಿಲ್ಲ. 2014ರಲ್ಲಿ ದೇಶ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಬಂತು. ಈಗ ಬಂದಿರುವುದು ಸಕ್ಕರೆ ಕಾಯಿಲೆ, ಬಿ.ಪಿ. ಇವು ಚಳಿಜ್ವರದ ಹಾಗೆ ನಡುಗಿಸಿ ಹೇಳಿ ಬರುವುದಿಲ್ಲ. ಸದ್ದಿಲ್ಲದೆ ಬಂದು ಒಂದು ದಿನ ಲಕ್ವ ಹೊಡೆಸುತ್ತವೆ, ಕಿಡ್ನಿ ಕೆಡಿಸುತ್ತವೆ. 2024ರಲ್ಲಿ ಸರ್ಕಾರ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ಇವನ್ನು ತಪಾಸಣೆ ಮಾಡುವ ಕ್ರಮವಿದೆ. ಹಳೇ ಮಲೇರಿಯಾ ಕಾರ್ಯಕರ್ತರ ದಾರಿ ಮತ್ತೆ ಬಂತು ಅನ್ನಿ. ಆದರೆ ಸರ್ಕಾರದವರು ಬರಲಿ ಅಂತ ಕೂರದೆ ಸಂಘವೂ ಕೈಜೋಡಿಸಬೇಕು.

ಆಡಳಿತ ಮಂಡಳಿಯ ಮುಂದೆ, ಸರ್ವ ಸದಸ್ಯರ ಮುಂದೆ ನನ್ನ ನಾಲ್ಕು ಮನವಿ. ಒಂದು, ಪ್ರತಿ ವರ್ಷ ಯಶಸ್ವಿನಿ ನೋಂದಣಿ ತೆರೆದ ಕೂಡಲೇ ಸಂಘದ ಪ್ರತಿಯೊಂದು ಮನೆಯೂ ಸೇರಬೇಕು, ಕಷ್ಟದಲ್ಲಿರುವವರ ವಂತಿಗೆಯನ್ನು ಸಂಘ ಮುಂಗಡವಾಗಿ ಕಟ್ಟಿ ಹಾಲಿನ ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಳ್ಳಲಿ. ಎರಡು, ತಿಂಗಳಿಗೊಮ್ಮೆ ಬೆಳಗಿನ ಹಾಲಿನ ಹೊತ್ತಿಗೆ ಡೈರಿ ಜಗುಲಿಯಲ್ಲೇ ಬಿ.ಪಿ., ಶುಗರ್ ತಪಾಸಣೆ ಮಾಡಲು ಉಪಕೇಂದ್ರದವರನ್ನು ಕೇಳಿಕೊಳ್ಳೋಣ. ಜಗುಲಿ ನಮ್ಮದು, ಜನ ಹೇಗೂ ಬಂದಿರುತ್ತಾರೆ. ಮೂರು, ಹಾವು ಕಡಿದರೆ ಮಂತ್ರ, ಬೇರು ಅಂತ ಹೊತ್ತು ಕಳೆಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದಕ್ಕೆ ಇಂಜೆಕ್ಷನ್ ಇದೆ ಎಂದು ಡೈರಿ ಬೋರ್ಡಿನಲ್ಲಿ ಬರೆಯಬೇಕು. ನಾಲ್ಕು, ಕ್ಯಾನಿಗೆ ಸುರಿಯುವ ಮೊದಲು ಮನೆಯ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಒಂದೊಂದು ಲೋಟ ಹಾಲು ಎತ್ತಿಡಬೇಕು. 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆ ಮಕ್ಕಳಿಗೆ ಸರ್ಕಾರ ಕೊಡುವ ಹಾಲು ಒಕ್ಕೂಟಗಳ ಹಾಲೇ. ನಮ್ಮ ಹಸುವಿನ ಹಾಲು ನಮ್ಮ ಮಗುವಿಗೆ ಶಾಲೆಯಲ್ಲಿ ಮಾತ್ರ ಸಿಗುವ ಹಾಗೆ ಆಗಬಾರದು.

ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವಾಗ ಲೇಖನ ಬರೆಯುವವರು ಈಗ ಶಾಲೆಯಲ್ಲಿರುವ ಮಕ್ಕಳು. ‘ಆಸ್ಪತ್ರೆ ಖರ್ಚಿಗೆ ನಮ್ಮೂರಲ್ಲಿ ಯಾರೂ ಗದ್ದೆ ಮಾರಲಿಲ್ಲ’ ಎಂದು ಅವರು ಬರೆಯುವಂತಾಗಲಿ. 

ಜೈ ಸಹಕಾರ!